ಎಷ್ಟೋ ಅಷ್ಟು

ಕೆಳಗಿನ ಮನೆಯ ಹುಡುಗಿ ಈ ವರ್ಷ ಏಳನೇ ತರಗತಿ. ಅವಳ ಅಮ್ಮ ಹೂ ಮಾರುತ್ತಾರೆ. ಬೆಳಗಿನ ಜಾವ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಬಿಡಿ ಹೂ ತಂದು, ಮಧ್ಯಾಹ್ನದವರೆಗೂ ಕಟ್ಟಿ, ಸಂಜೆ ದೇವಸ್ಥಾನದ ಎದುರಿನ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಮನೆ ಸೇರುವಾಗ ರಾತ್ರಿ ಎಂಟೂವರೆ. ಅಲ್ಲಿಯವರೆಗೆ ಹುಡುಗಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಪುಸ್ತಕ ಹರವಿಕೊಂಡು ಹೋಂವರ್ಕ್ ಮಾಡುತ್ತಾಳೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಗಣಿತದವಳಲ್ಲ. ಆದರೂ ಅವಳು ಕೇಳುವುದು ಹೆಚ್ಚಾಗಿ ಗಣಿತವನ್ನೇ.

ಆಷಾಢದ ಒಂದು ಸಂಜೆ ಅವಳು ಬಹಳ ಹೊತ್ತು ರಬ್ಬರು ಉಜ್ಜುವ ಸದ್ದು ಕೇಳಿ ಹತ್ತಿರ ಹೋದೆ. ಹಾಳೆ ತೂತು ಬೀಳುವ ಹಾಗಾಗಿತ್ತು.

"ಅಜ್ಜಿ, ಗೈಡ್‌ನಲ್ಲಿ ಇಪ್ಪತ್ತೈದು ಅಂತಿದೆ. ನಂಗೆ ಎಷ್ಟು ಸಲ ಮಾಡಿದ್ರೂ ಹತ್ತೇ ಬರ್ತಿದೆ."

ಲೆಕ್ಕ ಇಷ್ಟು: ಒಂದು ಸಂಖ್ಯೆಯ ಮೂರರಷ್ಟಕ್ಕೆ 5 ಕೂಡಿದರೆ 80 ಬರುತ್ತದೆ. ಆ ಸಂಖ್ಯೆ ಯಾವುದು? ಅವಳು 3ಎಕ್ಸ್ + 5 = 80 ಎಂದು ಸರಿಯಾಗಿಯೇ ಬರೆದಿದ್ದಳು. ಅದರ ಕೆಳಗೆ 8ಎಕ್ಸ್ = 80. ಅದರ ಕೆಳಗೆ ಎಕ್ಸ್ = 10. ಎಲ್ಲೂ ಶೇಷ ಉಳಿಯದೆ, ದಶಮಾಂಶ ಬಾರದೆ ಅಚ್ಚುಕಟ್ಟಾಗಿ ಬಂದ ಉತ್ತರ. ಅದಕ್ಕೇ ಅವಳಿಗೆ ಅಷ್ಟು ಸಂಕಟ. ತಪ್ಪು ಉತ್ತರ ವಿಕಾರವಾಗಿ ಬಂದರೆ ಮಗುವಿಗೆ ಅನುಮಾನವಾದರೂ ಬರುತ್ತದೆ, ಅಂದವಾಗಿ ಬಂದಾಗ ದಿಕ್ಕೇ ತೋಚುವುದಿಲ್ಲ.

"ಮೂರನ್ನೂ ಐದನ್ನೂ ಯಾಕೆ ಕೂಡಿಸಿದೆ?" ಅಂದೆ.

"ಮಧ್ಯದಲ್ಲಿ ಪ್ಲಸ್ ಇದೆಯಲ್ಲ."

ಅವಳ ಮಾತಿನಲ್ಲಿ ನ್ಯಾಯವಿದೆ. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಪ್ಲಸ್ ಕಂಡ ಕಡೆಯಲ್ಲೆಲ್ಲ ಕೂಡು ಎಂದೇ ನಾವು ಹೇಳಿಕೊಟ್ಟಿದ್ದೇವೆ. ಆ ಚಿಹ್ನೆ ಅವಳಿಗೆ ಒಂದು ಅಪ್ಪಣೆ, ಕಂಡ ತಕ್ಷಣ ಪಾಲಿಸಬೇಕು. ಬೀಜಗಣಿತಕ್ಕೆ ಬಂದ ದಿನ ಅದೇ ಚಿಹ್ನೆ ಅಪ್ಪಣೆ ಕೊಡುವುದನ್ನು ನಿಲ್ಲಿಸಿ, ಇಲ್ಲಿ ಇದೂ ಇದೆ ಅದೂ ಇದೆ ಎಂದಷ್ಟೇ ಹೇಳತೊಡಗುತ್ತದೆ. ಈ ಬದಲಾವಣೆಯನ್ನು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಜಾತಿ ಪದ, ವಿಜಾತಿ ಪದ ಎಂಬ ವ್ಯಾಖ್ಯೆಗಳನ್ನು ಬರೆಸುತ್ತೇವೆ, ಅವಳಿಗೆ ಅವೆರಡೂ ಕಂಠಪಾಠ ಆಗಿದ್ದವು. ವ್ಯಾಖ್ಯೆ ಒಂದು ಪುಟದಲ್ಲಿ, ಲೆಕ್ಕ ಇನ್ನೊಂದು ಪುಟದಲ್ಲಿ ಇತ್ತು, ಅಷ್ಟೆ.

"ನಿಮ್ಮಮ್ಮನ ಹತ್ರ ನಾನು ಮೂರು ಮೊಳ ಮಲ್ಲಿಗೆ ತಗೊಂಡೆ. ಜೊತೆಗೆ ಐದು ರೂಪಾಯಿ ತುಳಸಿ. ಒಟ್ಟು ಎಂಟು ಮೊಳ ಮಲ್ಲಿಗೆ ತಗೊಂಡ ಹಾಗಾಯ್ತಾ?"

ಅವಳು ನಕ್ಕುಬಿಟ್ಟಳು. ಆಮೇಲೆ ನಗು ನಿಲ್ಲಿಸಿ ಪುಸ್ತಕ ನೋಡಿದಳು.

ಎಕ್ಸ್ ಅಂದರೆ ಏನು ಎಂದು ಮತ್ತೆ ಕೇಳಿದೆ. "ಇಂಗ್ಲಿಷ್ ಅಕ್ಷರ" ಎಂದಿದ್ದವಳು ಈಗ "ಒಂದು ಮೊಳದ ರೇಟು" ಎಂದಳು. ಎಷ್ಟು ರೇಟು? "ಗೊತ್ತಿಲ್ಲ. ಇವತ್ತು ಎಷ್ಟೋ ಅಷ್ಟು." ಮಲ್ಲಿಗೆ ಮೊಳ ಮಾಮೂಲಿ ದಿನ ಇಪ್ಪತ್ತೈದು, ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನ ಹೋಗುವ ದಿನ ನಲವತ್ತು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅರವತ್ತಾದರೂ ಆಯಿತು. ಆದರೆ ಮಾರಿಗೆ ನಾಲ್ಕು ಮೊಳ ಎನ್ನುವುದು ಯಾವ ಹಬ್ಬದಲ್ಲೂ ಬದಲಾಗುವುದಿಲ್ಲ. ಮಾರಿನ ಬೆಲೆ ಯಾವತ್ತೂ 4ಎಕ್ಸ್. ಪುಸ್ತಕದಲ್ಲಿ ಚರಾಕ್ಷರ, ಸಹಗುಣಕ ಎಂದು ಅಚ್ಚಾಗಿರುವುದು ಅವಳ ಮನೆಯ ಬುಟ್ಟಿಯಲ್ಲೇ ಇತ್ತು.

"ಎಷ್ಟೋ ಅಷ್ಟು" ಎಂದಳಲ್ಲ, ಅದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಭಾಸ್ಕರಾಚಾರ್ಯ ತನ್ನ 'ಬೀಜಗಣಿತ'ದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ಇಟ್ಟುಕೊಂಡ ಹೆಸರು 'ಯಾವತ್ ತಾವತ್'. ಕನ್ನಡದಲ್ಲಿ ಹೇಳಿದರೆ ಎಷ್ಟೋ ಅಷ್ಟು. ಬರೆಯುವಾಗ ಅದನ್ನು ಮೊಟಕು ಮಾಡಿ 'ಯಾ' ಎಂದಷ್ಟೇ ಬರೆಯುತ್ತಿದ್ದರು. ಗೊತ್ತಿಲ್ಲದ್ದು ಒಂದಕ್ಕಿಂತ ಹೆಚ್ಚಾದರೆ ಉಳಿದವಕ್ಕೆ ಬಣ್ಣಗಳ ಹೆಸರು: ಕಾಲಕ ಎಂದರೆ ಕಪ್ಪು, ನೀಲಕ, ಪೀತಕ, ಲೋಹಿತಕ. ಅವೂ ಕಾ, ನೀ, ಪೀ, ಲೋ ಎಂದು ಮೊಟಕಾಗುತ್ತಿದ್ದವು. ಬಿಡಿ ಸಂಖ್ಯೆಗೆ 'ರೂಪ', ಅದರ ಗುರುತು 'ರೂ'. ಎಕ್ಸ್, ವೈ, ಝಡ್ ರೂಢಿಗೆ ಬಂದದ್ದು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಭಾಸ್ಕರನ 'ಸಿದ್ಧಾಂತ ಶಿರೋಮಣಿ' 1150ರದ್ದು, 'ಲೀಲಾವತಿ'ಯೂ 'ಬೀಜಗಣಿತ'ವೂ ಅದರ ಭಾಗಗಳು. ಅವನ ಊರು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಸಹ್ಯಾದ್ರಿಯ ಮಹಾರಾಷ್ಟ್ರದ ಕಡೆ ಎನ್ನುವವರೂ ಇದ್ದಾರೆ. ಆ ವಾದ ಏನೇ ಇರಲಿ, ನಮ್ಮ ಮಕ್ಕಳು ಎಕ್ಸ್ ಎಂದರೆ ಬೆದರುವುದು ಅದು ಪರದೇಶದ ಅಕ್ಷರವೆಂದಲ್ಲ. ಗೊತ್ತಿಲ್ಲದ್ದಕ್ಕೂ ಒಂದು ಹೆಸರಿಟ್ಟು ಅದರ ಜೊತೆ ಲೆಕ್ಕ ಮಾಡಬಹುದು ಎಂಬ ಧೈರ್ಯವನ್ನು ನಾವು ಅವರಿಗೆ ಕೊಟ್ಟಿರುವುದಿಲ್ಲ.

ಹುಡುಗಿಗೆ ನಾನು ಇಪ್ಪತ್ತೈದು ಹೇಗೆ ಬಂತೆಂದು ಬಿಡಿಸಿ ತೋರಿಸಲಿಲ್ಲ. "ನಿನ್ನ ಹತ್ತನ್ನು ತಾಳೆ ನೋಡು" ಎಂದೆ. ತಾಳೆ ನೋಡುವುದು ನಮ್ಮ ಹಳೆಯ ಲೆಕ್ಕದವರ ಮಾತು. ಶಾನುಭೋಗರು, ಅಂಗಡಿಯ ಗುಮಾಸ್ತರು ದಿನದ ಕೊನೆಗೆ ಹಾಗೆ ಮಾಡುತ್ತಿದ್ದರು. ಬಂದ ಉತ್ತರವನ್ನು ಲೆಕ್ಕದೊಳಕ್ಕೆ ವಾಪಸು ಇಟ್ಟು ಕೂಡುತ್ತದೋ ಇಲ್ಲವೋ ನೋಡುವುದು. ಹತ್ತರ ಮೂರರಷ್ಟು ಮೂವತ್ತು, ಐದು ಸೇರಿದರೆ ಮೂವತ್ತೈದು. "ಎಂಬತ್ತು ಬರಲ್ಲ!" ಎಂದಳು. ಹಾಗಾದರೆ ಹತ್ತು ತಪ್ಪು. ಅದನ್ನು ಹೇಳಿದ್ದು ಗೈಡೂ ಅಲ್ಲ, ನಾನೂ ಅಲ್ಲ, ಅವಳೇ.

ಈ ಲೇಖನ ಬರೆಯಲು ಕೂತದ್ದು ಮುಖ್ಯವಾಗಿ ಈ ಒಂದು ಸಂಗತಿಗಾಗಿ. ಪ್ರಬಂಧ ಬರೆದ ಮಗು ಅದು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಮೇಷ್ಟ್ರ ಮುಖ ನೋಡಬೇಕು. ಇತಿಹಾಸದ ಇಸವಿ ಸರಿಯೋ ತಪ್ಪೋ ತಿಳಿಯಲು ಪುಸ್ತಕ ತೆರೆಯಬೇಕು. ಸಮೀಕರಣ ಬಿಡಿಸಿದ ಮಗು ಮಾತ್ರ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹನ್ನೆರಡು ವರ್ಷದ ಹುಡುಗಿ ತನ್ನ ಉತ್ತರದ ಬಗ್ಗೆ ತಾನೇ ತೀರ್ಪು ಕೊಡಬಲ್ಲಳು, ಆ ತೀರ್ಪನ್ನು ಹೆಡ್‌ಮಾಸ್ಟರೂ ಬದಲಿಸಲಾರರು. ಇಷ್ಟು ದೊಡ್ಡ ಸ್ವಾತಂತ್ರ್ಯ ಕೊಡುವ ಪಾಠವನ್ನು ನಾವು ಮಕ್ಕಳಿಗೆ ಭಯದ ಪಾಠವಾಗಿ ಮಾಡಿಟ್ಟಿದ್ದೇವೆ.

ಆ ಭಯ ನನಗೆ ಚೆನ್ನಾಗಿ ಗೊತ್ತು. ನಾನು ಶಾಲೆಯಲ್ಲಿದ್ದಾಗ, ಪಕ್ಷಾಂತರದ ಪಾಠ ನಡೆದ ದಿನ, ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಬಾಣ ಎಳೆದು, "ಸಮ ಚಿಹ್ನೆ ದಾಟಿ ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತೆ, ಗುಣಾಕಾರ ಭಾಗಾಕಾರ ಆಗುತ್ತೆ" ಎಂದರು. "ಯಾಕೆ ಸರ್?" ಎಂದು ಕೇಳಿದೆ. "ಅದು ನಿಯಮ. ಬಾಯಿಪಾಠ ಮಾಡಿ ಕೂತ್ಕೋ" ಎಂದರು. ಇಡೀ ತರಗತಿ ನಕ್ಕಿತು. ಅಂದು ಕೂತವಳು ಗಣಿತದ ತರಗತಿಯಲ್ಲಿ ಮತ್ತೆ ಪ್ರಶ್ನೆ ಕೇಳಲು ಏಳಲಿಲ್ಲ. ನಿಯಮ ಬಾಯಿಪಾಠ ಮಾಡಿ ಎಸ್ಸೆಸ್ಸೆಲ್ಸಿ ದಾಟಿದೆ, ಪಿಯುಸಿಗೆ ಕಲಾ ವಿಭಾಗ ಹಿಡಿದೆ. ಕನ್ನಡ ನನ್ನನ್ನು ಕೈಬಿಡಲಿಲ್ಲ, ಅದಕ್ಕೆ ನಾನು ಋಣಿ. ಆದರೆ ಆ "ಯಾಕೆ"ಗೆ ಉತ್ತರ ಒಂದೇ ವಾಕ್ಯದಲ್ಲಿತ್ತು. ಅದು ತಿಳಿಯಲು ನನಗೆ ನಲವತ್ತು ವರ್ಷ ಹಿಡಿಯಿತು ಎಂಬ ಸಂಕಟ ಇಂದಿಗೂ ಇದೆ.

ಯಾವ ಪದವೂ ಎಲ್ಲಿಗೂ ದಾಟಿ ಹೋಗುವುದಿಲ್ಲ. ಉತ್ತರ ಅಷ್ಟೇ. ಸಮ ಚಿಹ್ನೆಯನ್ನು ಒಂದು ಬೇಲಿಯ ಹಾಗೆ ನೋಡಿದರೆ ದಾಟುವ ಮಾತು ಬರುತ್ತದೆ, ತಕ್ಕಡಿಯ ಮುಳ್ಳಿನ ಹಾಗೆ ನೋಡಿದರೆ ಬರುವುದಿಲ್ಲ. ಈ ತಟ್ಟೆಯಲ್ಲಿ 3ಎಕ್ಸ್ ಮತ್ತು 5 ಇದೆ, ಆ ತಟ್ಟೆಯಲ್ಲಿ 80. ಮುಳ್ಳು ನೆಟ್ಟಗಿದೆ. ಈ ಕಡೆಯಿಂದ 5 ತೆಗೆದರೆ ಆ ಕಡೆಯಿಂದಲೂ 5 ತೆಗೆಯಬೇಕು, ಇಲ್ಲದಿದ್ದರೆ ಮುಳ್ಳು ವಾಲುತ್ತದೆ. ತೆಗೆದಾಗ ಎಡಗಡೆಯ 5 ಮಾಯವಾಗಿ ಬಲಗಡೆಯಲ್ಲಿ 80 − 5 ಕಾಣುತ್ತದೆ. ದೂರದಿಂದ ನೋಡಿದವರಿಗೆ ಐದು ಆ ಕಡೆ ಹೋಗಿ ಮೈನಸ್ ಆಯಿತು ಎಂದು ತೋರುತ್ತದೆ. ಏಳನೇ ತರಗತಿಯ 'ಸರಳ ಸಮೀಕರಣಗಳು' ಪಾಠದಲ್ಲಿ ಈ ತಕ್ಕಡಿಯ ಮಾತೇ ಮೊದಲು ಬರುತ್ತದೆ, ನಿಯಮ ಆಮೇಲೆ. ಪುಸ್ತಕ ಬರೆದವರು ಕ್ರಮ ಸರಿಯಾಗಿಟ್ಟಿದ್ದಾರೆ. ಮನೆಯಲ್ಲಿ, ಟ್ಯೂಷನ್‌ನಲ್ಲಿ ಅವಸರಕ್ಕೆ ತಕ್ಕಡಿ ಹಾರಿಸಿ ನಿಯಮಕ್ಕೆ ಜಿಗಿಯುವವರು ನಾವು.

ಸಮ ಚಿಹ್ನೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಿಮ್ಮ ಮನೆಯಲ್ಲಿ ನಾಲ್ಕರಿಂದ ಏಳನೇ ತರಗತಿಯವರೆಗಿನ ಮಕ್ಕಳಿದ್ದರೆ ಒಂದು ಚೀಟಿಯಲ್ಲಿ ಹೀಗೆ ಬರೆದು ಕೊಡಿ: 8 + 4 = ☐ + 5. ಖಾಲಿ ಚೌಕದಲ್ಲಿ ಏನು ಬರಬೇಕು? ಅನೇಕ ಮಕ್ಕಳು ತಡವರಿಸದೆ 12 ಎಂದು ಬರೆಯುತ್ತಾರೆ, ಕೆಲವರು ಎಲ್ಲವನ್ನೂ ಕೂಡಿ 17 ಎನ್ನುತ್ತಾರೆ. ನಮ್ಮ ಹುಡುಗಿಯೂ 12 ಎಂದೇ ಬರೆದಳು. ಬರಬೇಕಾದ್ದು 7. ಮಕ್ಕಳ ಕಣ್ಣಿಗೆ ಸಮ ಚಿಹ್ನೆ ಎಂದರೆ ಇಲ್ಲಿ ಉತ್ತರ ಬರೆ ಎಂಬ ಸೂಚನೆ. ಅದೇ ಅಭ್ಯಾಸದಿಂದ ನೋಟ್‌ಬುಕ್ಕಿನಲ್ಲಿ 80 − 5 = 75 ÷ 3 = 25 ಎಂದು ಒಂದೇ ಸಾಲಿನಲ್ಲಿ ಓಡಿಸುತ್ತಾರೆ. ಉತ್ತರ ಸರಿ ಬಂತೆಂದು ನಾವೂ ಸುಮ್ಮನಾಗುತ್ತೇವೆ. ಆದರೆ 80 − 5 ಮತ್ತು 25 ಸಮವಲ್ಲ, ಅದು ಸುಳ್ಳು ವಾಕ್ಯ. ಈ ಚಿಹ್ನೆಯನ್ನು ಮೊದಲು ಬಳಸಿದ ರಾಬರ್ಟ್ ರೆಕಾರ್ಡ್ 1557ರಲ್ಲಿ, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಷ್ಟು ಸಮವಾದವು ಬೇರೆ ಯಾವುವೂ ಇಲ್ಲ ಎಂಬ ಕಾರಣ ಕೊಟ್ಟೇ ಅದನ್ನು ಆರಿಸಿಕೊಂಡಿದ್ದ. ಅಷ್ಟು ಯೋಚಿಸಿ ಇಟ್ಟ ಗುರುತನ್ನು ನಾವು ಉಸಿರು ತೆಗೆದುಕೊಳ್ಳುವ ಜಾಗವಾಗಿ ಬಳಸುತ್ತಿದ್ದೇವೆ. ಚೀಟಿಯ ಲೆಕ್ಕದಲ್ಲಿ ತಪ್ಪಿದ ಮಗುವಿಗೆ ಎಕ್ಸ್ ಹೇಳಿಕೊಡಲು ಹೊರಡುವುದು ವ್ಯರ್ಥ. ಮೊದಲು ತಕ್ಕಡಿ ತೋರಿಸಿ.

ಎಂಟೂವರೆಗೆ ಹುಡುಗಿಯ ಅಮ್ಮ ಮಗಳನ್ನು ಕರೆಯಲು ಮೇಲೆ ಬಂದರು. ಬುಟ್ಟಿಯಲ್ಲಿ ಉಳಿದಿದ್ದ ಒಂದು ತುಂಡು ಕನಕಾಂಬರ ನನ್ನ ಕೈಗಿಟ್ಟು, "ಏನಮ್ಮಾ, ಲೆಕ್ಕ ಕಲೀತಾಳಾ? ನಂಗಂತೂ ಏನೂ ಗೊತ್ತಾಗಲ್ಲ. ಓದಿರೋದು ನಾಲ್ಕನೇ ಕ್ಲಾಸು" ಎಂದರು. ಹುಡುಗಿ ತಲೆ ತಗ್ಗಿಸಿದಳು. ನಾನು ಎಕ್ಸ್ ಎನ್ನದೆ ಆ ಲೆಕ್ಕವನ್ನೇ ಕೇಳಿದೆ: ಮೂರು ಮೊಳ ಹೂವೂ ಐದು ರೂಪಾಯಿ ತುಳಸಿಯೂ ಸೇರಿ ಎಂಬತ್ತಾಯಿತು, ಮೊಳ ಎಷ್ಟಕ್ಕೆ ಕೊಟ್ಟಿರಿ?

"ತುಳಸಿದು ಐದು ಪಕ್ಕಕ್ಕಿಡಿ. ಎಪ್ಪತ್ತೈದು. ಮೂರು ಪಾಲು ಮಾಡಿ. ಇಪ್ಪತ್ತೈದು." ಬುಟ್ಟಿ ಕೆಳಗಿಡುವಷ್ಟರಲ್ಲಿ ಹೇಳಿ ಮುಗಿಸಿದ್ದರು.

ಹುಡುಗಿ ಅಮ್ಮನನ್ನೇ ನೋಡುತ್ತಾ ನಿಂತಳು. ಅವಳ ಕಣ್ಣು ಆ ಕ್ಷಣ ಅಷ್ಟು ದೊಡ್ಡದಾದದ್ದನ್ನು ನಾನು ಮರೆಯಲಾರೆ.

ಆ ತಾಯಿ ಮಾಡಿದ್ದು ವಿಲೋಮ ಕ್ರಮ. ಕೊನೆಯಲ್ಲಿ ಕೂಡಿದ್ದನ್ನು ಮೊದಲು ಕಳೆ, ಗುಣಿಸಿದ್ದನ್ನು ಭಾಗಿಸು, ಹೀಗೆ ಹಿಂದಕ್ಕೆ ನಡೆದು ಹೊರಟಲ್ಲಿಗೆ ಬಾ. ಈ ಕ್ರಮವನ್ನು ಆರ್ಯಭಟ 499ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ, ಭಾಸ್ಕರನ 'ಲೀಲಾವತಿ'ಯಲ್ಲೂ ಅದು ಇದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ದಿನಕ್ಕೆ ನೂರು ಸಲ ಅದನ್ನು ಬಾಯಿಲೆಕ್ಕದಲ್ಲಿ ಮಾಡುತ್ತಾರೆ. ಅದು ಗಣಿತ ಎಂದು ಅವರಿಗೆ ಯಾರೂ ಹೇಳಿಲ್ಲ. "ನಮಗೆ ಬರಲ್ಲ" ಎಂದು ಮಕ್ಕಳ ಮುಂದೆ ಹೇಳಿ ಸರಿದು ನಿಲ್ಲುವ ತಂದೆತಾಯಿಗಳಲ್ಲಿ ಎಷ್ಟು ಮಂದಿ ಹೀಗಿರಬಹುದು! ಗಾರೆ ಕೆಲಸದವರು, ಟೈಲರ್‌ಗಳು, ಚೀಟಿ ನಡೆಸುವವರು, ಹಾಲಿನ ಡೈರಿಗೆ ಫ್ಯಾಟು ಲೆಕ್ಕ ಹಾಕಿ ಹಾಲು ಹಾಕುವವರು.

ಹಾಗಾದರೆ ಎಕ್ಸ್ ಯಾಕೆ ಬೇಕು, ಬಾಯಿಲೆಕ್ಕವೇ ಸಾಲದೇ? ಮಾರನೆಯ ಸಂಜೆ ಹುಡುಗಿ ಇದನ್ನೇ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಭಾಸ್ಕರನ 'ಬೀಜಗಣಿತ'ದಿಂದಲೇ ಒಂದು ಲೆಕ್ಕ ಕೊಟ್ಟೆ. ಒಬ್ಬನ ಹತ್ತಿರ 300 ರೂಪಗಳೂ ಆರು ಕುದುರೆಗಳೂ ಇವೆ. ಇನ್ನೊಬ್ಬನ ಹತ್ತಿರ ಅದೇ ಬೆಲೆಯ ಹತ್ತು ಕುದುರೆಗಳಿವೆ, ಆದರೆ 100 ರೂಪಗಳ ಸಾಲವಿದೆ. ಇಬ್ಬರ ಆಸ್ತಿಯೂ ಸಮ. ಕುದುರೆಯ ಬೆಲೆ ಎಷ್ಟು? ಇಲ್ಲಿ ಹಿಂದಕ್ಕೆ ನಡೆಯಲು ದಾರಿಯೇ ಇಲ್ಲ, ಗೊತ್ತಿಲ್ಲದ್ದು ಎರಡೂ ತಟ್ಟೆಯಲ್ಲಿ ಕೂತಿದೆ.

ಭಾಸ್ಕರನ ಕ್ರಮದಲ್ಲೇ ಬರೆಯೋಣ ಎಂದು ಒಂದರ ಕೆಳಗೊಂದು ಬರೆದೆವು. ಮೇಲಿನ ಸಾಲು: ಯಾ 6 ರೂ 300. ಕೆಳಗಿನ ಸಾಲು: ಯಾ 10 ರೂ 100, ಈ ನೂರರ ನೆತ್ತಿಯ ಮೇಲೊಂದು ಚುಕ್ಕಿ. ಆ ಕಾಲದಲ್ಲಿ ಋಣ ಸಂಖ್ಯೆಗೆ ಮೈನಸ್ ಗೆರೆ ಇರಲಿಲ್ಲ, ಚುಕ್ಕಿ ಇಡುತ್ತಿದ್ದರು. "ರೂ ಅಂದ್ರೆ ರೂಪಾಯಿನಾ ಅಜ್ಜಿ?" ಎಂದಳು. ಅಲ್ಲ ಮಗು, ರೂಪ. ಆದರೂ ಈ ಲೆಕ್ಕದಲ್ಲಿ ಹಾಗೆ ಓದಿಕೊಂಡರೆ ನಷ್ಟವೇನೂ ಇಲ್ಲ ಎಂದೆ.

ಅವಳು ಹೀಗೆ ಹೊರಟಳು. ಇಬ್ಬರಿಂದಲೂ ಆರಾರು ಕುದುರೆ ಹೊರಗೆ ಕಳಿಸಿದಳು. ಮೊದಲನೆಯವನಿಗೆ ಉಳಿದದ್ದು ಬರಿಯ 300, ಎರಡನೆಯವನಿಗೆ ನಾಲ್ಕು ಕುದುರೆ, ನೂರು ಸಾಲ. ಇಲ್ಲಿ ಸ್ವಲ್ಪ ಹೊತ್ತು ನಿಂತಳು. ನಾನು ಬಾಯಿ ಬಿಡಲಿಲ್ಲ, ಅಡುಗೆಮನೆಗೆ ಹೋಗಿ ಬಂದೆ. ವಾಪಸು ಬಂದಾಗ, "ಇಬ್ಬರಿಗೂ ನೂರು ನೂರು ಕೊಟ್ಟುಬಿಟ್ಟೆ ಅಜ್ಜಿ, ಅವನ ಸಾಲ ತೀರ್ತು" ಎಂದಳು. ಮೊದಲನೆಯವನ ಕೈಯಲ್ಲೀಗ 400, ಎರಡನೆಯವನ ಲಾಯದಲ್ಲಿ ನಾಲ್ಕು ಕುದುರೆ. ಕುದುರೆಗೆ 100. ತಾಳೆ ನೋಡಿದಳು: ಆರು ಕುದುರೆಗೆ 600, ಮೇಲೆ 300, ಒಟ್ಟು 900. ಹತ್ತು ಕುದುರೆಗೆ 1000, ಸಾಲ ನೂರು ಹೋದರೆ 900.

"ಮೈನಸ್ ಆ ಕಡೆ ಹೋದರೆ ಪ್ಲಸ್" ಎಂಬ ಬಾಯಿಪಾಠದ ಒಳಗಿರುವುದು ಈ ಸಾಲ ತೀರಿಸುವ ಕೆಲಸವೇ. ಬಾಗ್ದಾದಿನಲ್ಲಿ ಒಂಬತ್ತನೇ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿರುವ 'ಅಲ್-ಜಬ್ರ್' ಎಂಬ ಮಾತಿಗೂ ಇದೇ ಅರ್ಥ: ಕೊರತೆಯಾದದ್ದನ್ನು ತುಂಬಿ ಸರಿಪಡಿಸುವುದು. ಮುರಿದ ಮೂಳೆ ಕೂಡಿಸುವುದಕ್ಕೂ ಅರಬ್ಬಿಯಲ್ಲಿ ಅದೇ ಮಾತು. ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅಲ್ಲಿಂದ. ನಮ್ಮಲ್ಲಿ 628ರಲ್ಲಿ ಬ್ರಹ್ಮಗುಪ್ತ ಧನ, ಋಣ, ಶೂನ್ಯಗಳ ಕೂಡು ಕಳೆಯುವ ನಿಯಮಗಳನ್ನು ಹೇಳಿದ. ಧನ ಎಂದರೆ ಹಣ, ಋಣ ಎಂದರೆ ಸಾಲ. ಅವನು ಈ ವಿದ್ಯೆಗೆ ಇಟ್ಟ ಹೆಸರು ಕುಟ್ಟಕ ಗಣಿತ. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಚಿಕ್ಕದು ಮಾಡುವ ಕ್ರಮದಿಂದ ಬಂದ ಹೆಸರು ಅದು. ಒರಳು ಒನಕೆ ಕಂಡ ಕನ್ನಡದ ಕಿವಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಇಂದಿಗೂ ಧನ ಪೂರ್ಣಾಂಕ, ಋಣ ಪೂರ್ಣಾಂಕ ಎಂದೇ ಇದೆ. ಇಷ್ಟು ಅರ್ಥ ತುಂಬಿದ ಶಬ್ದ ಕೈಯಲ್ಲಿದ್ದೂ ನಾವು ಬರಿಯ ಪ್ಲಸ್ಸು ಮೈನಸ್ಸು ಎಂದು ಹೇಳಿಕೊಡುತ್ತೇವೆ. ಮೈನಸ್ ಮೈನಸ್ ಸೇರಿ ಪ್ಲಸ್ ಯಾಕೆ ಆಗುತ್ತದೆ ಎಂದು ಮಗು ಕೇಳಿದಾಗ ತಬ್ಬಿಬ್ಬಾಗುತ್ತೇವೆ. ಕೈಯಲ್ಲಿ 8 ರೂಪಾಯಿ ಇದೆ, 3 ರೂಪಾಯಿ ಸಾಲ ಇದೆ, ನಿಜಕ್ಕೂ ನಿನ್ನದು ಎಷ್ಟು? 5. ಸಾಲ ಕೊಟ್ಟವರು ಬೇಡ ಬಿಡು ಎಂದರು. ಈಗ ಎಷ್ಟು? 8. ಐದರಿಂದ ಮೂರರ ಋಣವನ್ನು ತೆಗೆದರೆ ಎಂಟು. ಸಾಲ ಮನ್ನಾ ಎಂದರೆ ಏನೆಂದು ತಿಳಿಯದ ಮಗು ಕರ್ನಾಟಕದ ಯಾವ ಹಳ್ಳಿಯಲ್ಲಿದೆ?

ಭಾಷೆಯ ಇನ್ನೊಂದು ಸಂಗತಿಯನ್ನು ಕನ್ನಡ ಪಾಠ ಹೇಳಿದವಳಾಗಿ ಹೇಳಲೇಬೇಕು. "ಎಕ್ಸ್‌ಗಿಂತ 5 ಕಡಿಮೆ" ಎಂದು ಕನ್ನಡದಲ್ಲಿ ಹೇಳಿದರೆ ಮೊದಲು ಎಕ್ಸ್, ಆಮೇಲೆ 5, ಆಮೇಲೆ ಕಡಿಮೆ. ಬರೆಯುವಾಗಲೂ ಅದೇ ಕ್ರಮ, ಎಕ್ಸ್ − 5. ಇದನ್ನೇ ಇಂಗ್ಲಿಷಿನಲ್ಲಿ "ಫೈವ್ ಲೆಸ್ ದ್ಯಾನ್ ಎಕ್ಸ್" ಎಂದು ಓದಿದ ಮಗು ಕೇಳಿದ ಕ್ರಮದಲ್ಲೇ ಬರೆಯಲು ಹೋಗಿ 5 − ಎಕ್ಸ್ ಎಂದು ತಪ್ಪುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಾದರೂ ಕನ್ನಡ ಮನೆಮಾತಾಗಿದ್ದರೆ ಒಮ್ಮೆ ಲೆಕ್ಕವನ್ನು ಕನ್ನಡದಲ್ಲಿ ಹೇಳಿಸಿ ನೋಡಿ. ಅರ್ಧ ಗಂಟು ಅಲ್ಲೇ ಸಡಿಲುತ್ತದೆ. ಹಾಗೆಂದು ಕನ್ನಡದಲ್ಲೂ ಮುಳ್ಳುಗಳಿಲ್ಲದಿಲ್ಲ. ಮೂರರಷ್ಟು ಬೇರೆ, ಮೂರು ಹೆಚ್ಚು ಬೇರೆ, ಮೂರರಲ್ಲೊಂದು ಪಾಲು ಬೇರೆ. ಪದಸಮಸ್ಯೆಯಲ್ಲಿ ತಪ್ಪುವ ಎಷ್ಟೋ ಮಕ್ಕಳಿಗೆ ಗಣಿತ ಬರುತ್ತಿರುತ್ತದೆ, ವಾಕ್ಯವನ್ನು ನಿಧಾನವಾಗಿ ಓದುವುದು ಬರುತ್ತಿರುವುದಿಲ್ಲ. ಅದು ನಮ್ಮ, ಭಾಷಾ ಶಿಕ್ಷಕರ, ಕೆಲಸವೂ ಹೌದು.

ಆವರಣದ ಕಥೆ ಚಿಕ್ಕದು. 2(ಎಕ್ಸ್ + 3) ಎಂದರೆ 2ಎಕ್ಸ್ + 3 ಎಂದು ಬರೆದಿದ್ದಳು. ನಿಮ್ಮಮ್ಮ ಎರಡು ಮನೆಗೆ ವರ್ತನೆ ಹೂ ಕೊಡುತ್ತಾರೆ, ಮನೆಗೊಂದು ಮೊಳ ಮಲ್ಲಿಗೆ, ಮೂರು ಗುಲಾಬಿ. ನಿನ್ನ ಲೆಕ್ಕದಲ್ಲಿ ಎರಡನೇ ಮನೆಯವರಿಗೆ ಗುಲಾಬಿ ಸಿಗಲಿಲ್ಲವಲ್ಲ ಎಂದೆ. ಆಮೇಲೆ ಅವಳು ಆವರಣದಲ್ಲಿ ತಪ್ಪಿದ್ದನ್ನು ನಾನು ನೋಡಿಲ್ಲ.

ಹೂವಿನ ಮೊಳ ಹಿಡಿದು ಹೊರಟ ನಮಗೆ ಒಂದು ದಿನ ಕರ್ನಾಟಕದ್ದೇ ಒಂದು ಹಳೆಯ ಮೊಳ ಸಿಕ್ಕಿತು. ಒಂಬತ್ತನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. 'ಕವಿರಾಜಮಾರ್ಗ' ಎಂದೊಡನೆ ನೆನಪಾಗುವ ಅದೇ ನೃಪತುಂಗ, ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದಲ್ಲೊಂದು ಕಂಬದ ಲೆಕ್ಕವಿದೆ. ಕಂಬದ ಎಂಟನೇ ಒಂದು ಪಾಲು ನೆಲದೊಳಗೆ, ಮೂರನೇ ಒಂದು ಪಾಲು ನೀರಿನಲ್ಲಿ, ನಾಲ್ಕನೇ ಒಂದು ಪಾಲು ಪಾಚಿಯಲ್ಲಿ, ಮೇಲೆ ಕಾಣುವುದು ಏಳು ಹಸ್ತ. ಕಂಬ ಎಷ್ಟುದ್ದ? ಹಸ್ತ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಅಂದರೆ ನಮ್ಮ ಮೊಳ. ಹುಡುಗಿ ಕಂಬದ ಚಿತ್ರ ಬರೆದು ಇಪ್ಪತ್ನಾಲ್ಕು ಭಾಗ ಮಾಡಿದಳು. ಮೂರು ನೆಲಕ್ಕೆ, ಎಂಟು ನೀರಿಗೆ, ಆರು ಪಾಚಿಗೆ. ಉಳಿದ ಏಳು ಭಾಗವೇ ಏಳು ಮೊಳ. ಕಂಬ 24 ಮೊಳ. "ಅಮ್ಮನ ಲೆಕ್ಕದಲ್ಲಿ ಆರು ಮಾರು" ಎಂದು ತಾನೇ ಸೇರಿಸಿದಳು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬವನು 'ವ್ಯವಹಾರ ಗಣಿತ'ವನ್ನು ಕನ್ನಡದಲ್ಲೇ ಬರೆದ ಎಂದಾಗ, ನಮ್ಮ ಪುಸ್ತಕದಲ್ಲಿ ಇದೆಲ್ಲ ಯಾಕಿಲ್ಲ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಇರಬೇಕು ಎನ್ನುವುದೇ ನನ್ನ ಅಭಿಪ್ರಾಯ.

ಮನೆಯಲ್ಲಿ ಮಕ್ಕಳ ಪಕ್ಕ ಕೂರುವವರಿಗೆ, ಅಮ್ಮ ಅಪ್ಪ ಅಜ್ಜ ಅಕ್ಕ ಯಾರೇ ಆಗಲಿ, ಈ ಕೆಲವು ತಿಂಗಳಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಳ್ಳಬೇಡಿ. ನಾವು ಬಿಡಿಸಿ ತೋರಿಸಿದ ಲೆಕ್ಕ ನಮ್ಮದಾಗುತ್ತದೆ, ಮಗುವಿನದಾಗುವುದಿಲ್ಲ. "ಇಷ್ಟು ಸುಲಭದ್ದೂ ಬರಲ್ವಾ" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಕಷ್ಟದ್ದು ಬಾರದಿದ್ದರೆ ಅವಮಾನವಿಲ್ಲ, ಸುಲಭದ್ದು ಎಂದು ಹೇಳಿಸಿಕೊಂಡು ಬಾರದಿದ್ದರೆ ಮಗು ತನ್ನನ್ನೇ ದಡ್ಡಿ ಎಂದುಕೊಳ್ಳುತ್ತದೆ. ತಪ್ಪು ದಾರಿ ಹಿಡಿದರೆ ತಕ್ಷಣ ತಡೆಯದೆ ಕೊನೆಯವರೆಗೆ ಹೋಗಲು ಬಿಡಿ, ತಾಳೆ ನೋಡುವಾಗ ಅದೇ ತಡೆಯುತ್ತದೆ. ಮಗು ಯೋಚಿಸುತ್ತಿರುವ ಮೌನ ನಮಗೆ ಬಹಳ ಉದ್ದ ಎನಿಸುತ್ತದೆ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ಮೌನವನ್ನು ಮುರಿಯದೆ ಇರುವುದು, ಅದಕ್ಕೇ ಅಡುಗೆಮನೆಗೆ ಹೋಗುವ ಅಭ್ಯಾಸ ಮಾಡಿಕೊಂಡೆ.

ಈಗ ಮೊಬೈಲಿನಲ್ಲಿ ಲೆಕ್ಕದ ಫೋಟೋ ಹಿಡಿದರೆ ಹಂತ ಹಂತವಾಗಿ ಬಿಡಿಸಿ ತೋರಿಸುವ ಆ್ಯಪ್‌ಗಳಿವೆ. ಅವು ಕೆಟ್ಟವೆಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕೂರಲು ಯಾರೂ ಇಲ್ಲದ ಮಗುವಿಗೆ ಅದೂ ಒಂದು ಆಸರೆ. ಆದರೆ ಗೈಡಿನಂತೆಯೇ ಅದೂ ಉತ್ತರವನ್ನು ಹೊರಗಿನಿಂದ ತಂದುಕೊಡುತ್ತದೆ. ಮೊದಲು ತಾನು ಮಾಡಿ, ತಾಳೆ ನೋಡಿ, ಕೂಡದಿದ್ದಾಗ ಎಲ್ಲಿ ಎಡವಿದೆ ಎಂದು ಹುಡುಕಲು ಅದನ್ನು ತೆರೆದರೆ ಒಳ್ಳೆಯದು. ಮೊದಲೇ ತೆರೆದರೆ ಹೋಂವರ್ಕ್ ಮುಗಿಯುತ್ತದೆ, ಪಾಠ ಶುರುವೇ ಆಗುವುದಿಲ್ಲ.

ಕಳೆದ ವಾರ ಹುಡುಗಿ ನನಗೊಂದು ಲೆಕ್ಕ ಕೊಟ್ಟಳು, ತಾನೇ ಕಟ್ಟಿದ್ದು. ಅಮ್ಮ 300 ರೂಪಾಯಿ ಸಾಲ ಮಾಡಿ ಬಿಡಿ ಹೂ ತಂದಳು. 30 ಮೊಳ ಮಾರಿ, ಸಾಲ ತೀರಿಸಿದ ಮೇಲೆ ಕೈಯಲ್ಲಿ 450 ಉಳಿಯಿತು. ಮೊಳ ಎಷ್ಟಕ್ಕೆ ಮಾರಿದಳು? ನಾನು ಉತ್ತರ ಹೇಳಿ, ಸರಿಯಾ ಎಂದು ಕೇಳಿದೆ. "ನನ್ನ ಯಾಕೆ ಕೇಳ್ತೀರಾ ಅಜ್ಜಿ, ತಾಳೆ ನೋಡಿ" ಎಂದಳು. ಅವಳ ನೋಟ್‌ಬುಕ್ಕಿನಲ್ಲಿ ಆ ಲೆಕ್ಕದ ಕೆಳಗೆ 30 × 25 = 750, 750 − 300 = 450 ಎಂದು ಎರಡು ಬೇರೆ ಬೇರೆ ಸಾಲುಗಳಿದ್ದವು. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತನ್ನು ಅವಳೇ ಹಾಕಿಕೊಂಡಿದ್ದಳು.